ಮೈಲೇಜ್ ಬೇಕಾದರೆ ಮೇನ್ ಜೆಟ್ ಮುಟ್ಟಬೇಡಿ

ನನ್ನೂರು ಬಂಗಾರಪೇಟೆ. ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತೇನೆ. ಹೋಗಿ ಬಂದು ದಿನಕ್ಕೆ 30 ಕಿಲೋಮೀಟರಿಗೆ ಮೇಲೆಯೇ ಓಡುತ್ತದೆ ನನ್ನ 2007ರ ಸ್ಪ್ಲೆಂಡರ್. ಅದರ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಬಿಚ್ಚಿ ಜೋಡಿಸುವುದನ್ನು ನಾನು ಕಲಿತದ್ದು ಆಸೆಯಿಂದಲ್ಲ, ಹೊಟ್ಟೆಯುರಿಯಿಂದ.

ಮೈಲೇಜ್ ಇಳಿದಿದೆ ಅಂತ ಒಂದು ಗ್ಯಾರೇಜಿನಲ್ಲಿ ಗಾಡಿ ಬಿಟ್ಟಿದ್ದೆ. "ಸೆಟ್ಟಿಂಗ್ ಮಾಡಿಬಿಡ್ತೀನಿ ಅಣ್ಣ, ಸಂಜೆ ಬನ್ನಿ" ಅಂದ ಹುಡುಗ. ಎರಡು ದಿನ ಚೆನ್ನಾಗಿಯೇ ಓಡಿತು. ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ತೇರಹಳ್ಳಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಎಂಜಿನ್ ಉಸಿರು ಕಟ್ಟಿ ನಿಂತಿತು. ಕಾಲಿಗೆ ಕಾವು ಹೊಡೆಯುತ್ತಿತ್ತು. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಆಮೇಲೆ ಗೊತ್ತಾಯಿತು, ಮೇನ್ ಜೆಟ್ಟಿನ, ಅಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ ದೊಡ್ಡ ಜೆಟ್ಟಿನ ತೂತಿಗೆ ವೈರಿನ ಒಂದು ತಾಮ್ರದ ಎಳೆ ತುರುಕಿದ್ದ. ಪೆಟ್ರೋಲ್ ಕಡಿಮೆ ಹೋದರೆ ಮೈಲೇಜ್ ಜಾಸ್ತಿ, ಅಷ್ಟೇ ಅವನ ಲೆಕ್ಕ.

ಆ ಲೆಕ್ಕ ಯಾಕೆ ತಪ್ಪು ಅಂತ ನೀವೇ ನೋಡಬಹುದು. ಆಕ್ಸಿಲರೇಟರ್ ಹಿಡಿಗೆ ಒಂದು ತುಂಡು ಟೇಪ್ ಸುತ್ತಿ. ಪಕ್ಕದ ಸ್ವಿಚ್ ಡಬ್ಬಿಯ ಮೇಲೂ ಅಂಟಿಸಿ. ಪೂರ್ತಿ ಮುಚ್ಚಿದಾಗ ಒಂದು ಗೆರೆ, ಪೂರ್ತಿ ತಿರುಗಿಸಿದಾಗ ಒಂದು ಗೆರೆ, ನಡುವೆ ಕಾಲು, ಅರ್ಧ, ಮುಕ್ಕಾಲು. ಈಗ ದಿನಾ ಹೋಗುವ ದಾರಿಯಲ್ಲಿ ಓಡಿಸಿ. ನಾನು 45-50ರಲ್ಲಿ ಹೋಗುವವನು. ನನ್ನ ಕೈ ಅರ್ಧದ ಗೆರೆ ದಾಟಿದ್ದು ಲಾರಿ ಹಿಂದೆ ಹಾಕುವಾಗ ಮಾತ್ರ.

ಕಾರ್ಬುರೇಟರಿನಲ್ಲಿ ಕೆಲಸ ಹಂಚಿಹೋಗಿರುತ್ತದೆ. ಮುಚ್ಚಿದ ಸ್ಥಿತಿಯಿಂದ ಕಾಲು ತನಕ ಪೈಲಟ್ ಜೆಟ್ ಮತ್ತು ಅದರ ಸ್ಕ್ರೂ. ಕಾಲಿನಿಂದ ಮುಕ್ಕಾಲು ತನಕ ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡಿಗೆ ನೇತುಹಾಕಿದ ಸೂಜಿ. ಮೇನ್ ಜೆಟ್ಟಿನದು ಅದರ ಮೇಲಿನ ಕಾರುಬಾರು. ಗಡಿ ಗೆರೆ ಹೊಡೆದಂತೆ ಇರುವುದಿಲ್ಲ, ಒಂದರ ಕೆಲಸ ಇನ್ನೊಂದರೊಳಗೆ ಸ್ವಲ್ಪ ನುಗ್ಗುತ್ತದೆ. ಆದರೂ ದಿನದ ಓಟದಲ್ಲಿ ನಾವು ಹೆಚ್ಚು ಮುಟ್ಟದ ಜೆಟ್ಟನ್ನೇ ಕಟ್ಟಿಹಾಕಿದರೆ ಉಳಿತಾಯ ಎಲ್ಲಿಂದ ಬರಬೇಕು? ಎಂಜಿನ್ನಿಗೆ ಪೆಟ್ರೋಲ್ ನಿಜಕ್ಕೂ ಬೇಕಾದಾಗ, ಅಂದರೆ ಏರಿನಲ್ಲಿ, ಅದು ಸಿಗದೆ ಬೇಯುತ್ತದೆ.

ಮುಂದಿನದೆಲ್ಲ ಹಳೇ ಗಾಡಿಗಳಿಗೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್. ಅದರಲ್ಲಿ ತಿರುಗಿಸಲು ಜೆಟ್ಟೇ ಇಲ್ಲ.

ಮೊದಲು ಅಳತೆ. "ನೂರು ರೂಪಾಯಿ ಹಾಕಿಸಿದೆ, ಮೂರು ದಿನ ಬಂತು" ಅನ್ನುವುದು ಅಳತೆಯಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಟ್ಯಾಂಕಿನ ಒಂದು ಗುರುತಿನ ತನಕ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. 200 ಕಿಲೋಮೀಟರ್ ಹತ್ತಿರ ಓಡಿಸಿ, ಅದೇ ಬಂಕಿನಲ್ಲಿ ಅದೇ ಗುರುತಿನ ತನಕ ಮತ್ತೆ ತುಂಬಿಸಿ. ಓಡಿದ ದೂರವನ್ನು ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ. ತಾಮ್ರದ ಎಳೆ ತೆಗೆದ ಮೇಲೆ ನನ್ನದು 186 ಕಿಲೋಮೀಟರಿಗೆ 3.8 ಲೀಟರ್ ಕುಡಿದಿತ್ತು. ಅಂದರೆ 49.

ಕಾರ್ಬುರೇಟರ್ ಮುಟ್ಟುವ ಮೊದಲು ಚಕ್ರ ತಿರುಗಿಸಿ ನೋಡಿ. ನನ್ನ ಹಿಂದಿನ ಬ್ರೇಕ್ ಸದಾ ಉಜ್ಜುತ್ತಿತ್ತು! ಏರ್ ಫಿಲ್ಟರ್, ಪ್ಲಗ್, ಟೈರಿನ ಗಾಳಿ, ಚೈನು, ಇವೂ ಸರಿ ಇರಬೇಕು. ಮಂಡಿ ಧೂಳಿಗೆ ನನ್ನ ಫಿಲ್ಟರ್ ಗೋಣಿಚೀಲದ ಹಾಗಾಗಿತ್ತು. ಗಾಳಿ ಕಟ್ಟಿದರೆ ಪೆಟ್ರೋಲ್ ತಾನಾಗಿ ಜಾಸ್ತಿಯಾಗುತ್ತದೆ.

ಈಗ ಬಿಚ್ಚೋಣ. ಎಂಜಿನ್ ತಣ್ಣಗಿರಲಿ, ಬಯಲಿನಲ್ಲಿ ಕೂತುಕೊಳ್ಳಿ, ಬೀಡಿ ಸಿಗರೇಟು ದೂರ. ಪೆಟ್ರೋಲ್ ನಾಬ್ ಮುಚ್ಚಿ. ಕಾರ್ಬುರೇಟರಿನ ಕೆಳಗಿನ ಬೌಲಿನಲ್ಲಿರುವ ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಡಿ. ನಮ್ಮ ಬಂಗಾರಪೇಟೆ ಪಾನಿಪೂರಿಯ ಪಾನಿ ನೋಡಲು ಬರೀ ನೀರು, ಬಾಯಿಗಿಟ್ಟರೆ ಗೊತ್ತು ಅದರ ಖಾರ. ಇದು ಅದಕ್ಕೆ ಉಲ್ಟಾ. ನೋಡಲು ಬರೀ ಪೆಟ್ರೋಲ್, ತಳದಲ್ಲಿ ನೋಡಿದರೆ ನೀರಿನ ಗುಳ್ಳೆ, ತುಕ್ಕಿನ ಪುಡಿ.

ಬೌಲಿನ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ತಲೆ ಸವೆದರೆ ಆ ದಿನ ಮುಗಿಯಿತು. ಒಳಗಿನ ಎರಡೂ ಜೆಟ್ ಹಿತ್ತಾಳೆಯವು. ಬಿಚ್ಚಿ, ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದು ನೋಡಿ. ಪೈಲಟ್ ಜೆಟ್ಟಿನ ತೂತು ಕೂದಲಿನಷ್ಟು ಸಣ್ಣದು. ಪಿನ್ನು, ತಂತಿ ಹಾಕಿ ಚುಚ್ಚಬೇಡಿ. ತೂತು ಒಂದಿಷ್ಟೇ ದೊಡ್ಡದಾದರೂ ಜೆಟ್ ಹೋದಂತೆ. ಪಂಕ್ಚರ್ ಅಂಗಡಿಯ ಗಾಳಿ ಸಾಕು. ವಾಪಸ್ ಹಾಕುವಾಗ ಮೊದಲು ಬೆರಳಿನಲ್ಲಿ ತಿರುಗಿಸಿ, ಕೊನೆಗೆ ಮೆಲ್ಲಗೆ ಬಿಗಿ ಮಾಡಿ. ಜೋಡಿಸಿ ನಾಬ್ ತೆರೆದು ಐದು ನಿಮಿಷ ಕಾಯಿರಿ. ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕಿದರೆ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟಿನ ಪಿನ್ ಕೆಳಗೆ ಕಸ ಕೂತಿದೆ. ಮತ್ತೆ ಬಿಚ್ಚಿ, ಹಾಗೆಯೇ ಸ್ಟಾರ್ಟ್ ಮಾಡಬೇಡಿ.

ನಂತರ ಪೈಲಟ್ ಸ್ಕ್ರೂ. ನನ್ನ ಮಟ್ಟಿಗೆ ಇದೇ ಮುಖ್ಯ ಕೆಲಸ. ಮೊದಲು ಅದನ್ನು ಪೂರ್ತಿ ಒಳಗೆ ಕೂರುವ ತನಕ ಮೆಲ್ಲಗೆ ತಿರುಗಿಸುತ್ತಾ ಎಷ್ಟು ಸುತ್ತು ಅಂತ ಎಣಿಸಿ ಬರೆಯಿರಿ, ಮತ್ತೆ ಅಷ್ಟೇ ಹೊರಗೆ ತನ್ನಿ. ಹಾಳಾದರೆ ವಾಪಸ್ ಬರಲು ಒಂದು ಜಾಗ ಇರಬೇಕು, ಅಲ್ವಾ? ಹತ್ತು ನಿಮಿಷ ಗಾಡಿ ಓಡಿಸಿ ಬಿಸಿ ಮಾಡಿ. ಐಡ್ಲಿಂಗ್ ಸ್ಕ್ರೂನಿಂದ ಸ್ವಲ್ಪ ಜೋರಾಗಿಡಿ. ಈಗ ಪೈಲಟ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಗೆ ತಿರುಗಿಸಿ. ಪ್ರತಿ ಸಲ ಎಂಜಿನ್ನಿಗೆ ಹೊಂದಿಕೊಳ್ಳಲು ನಾಲ್ಕೈದು ಸೆಕೆಂಡ್ ಕೊಡಿ. ಒಂದು ಕಡೆ ಸದ್ದು ಕುಗ್ಗುತ್ತದೆ. ಹೊರಗೆ ತಿರುಗಿಸುತ್ತಾ ಬನ್ನಿ, ಸದ್ದು ಏರಿ ಮತ್ತೆ ಕುಗ್ಗುತ್ತದೆ. ಎರಡರ ನಡುವೆ ಎಲ್ಲಿ ಸದ್ದು ಜೋರಾಗಿಯೂ ಸಮವಾಗಿಯೂ ಇದೆಯೋ ಅಲ್ಲಿ ನಿಲ್ಲಿಸಿ. ಆಮೇಲೆ ಐಡ್ಲಿಂಗ್ ಇಳಿಸಿ. ಕಿವಿ ಪಳಗಲು ಎರಡು ಭಾನುವಾರ ಬೇಕು.

ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಸ್ಕ್ರೂ ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದರೆ ಕಡಿಮೆ. ಪಕ್ಕದ ಮನೆಯವರ ಗಾಡಿಯ ಲೆಕ್ಕ ನಿಮ್ಮದಕ್ಕೆ ಹಾಕಬೇಡಿ.

ಸೂಜಿಯ ತಲೆಯಲ್ಲಿ ಒಂದೇ ಗೀರಿದ್ದರೆ ಅಲ್ಲಿ ಮಾಡುವುದೇನಿಲ್ಲ. ಹಲವು ಗೀರುಗಳಿದ್ದರೆ ಕ್ಲಿಪ್ಪನ್ನು ಒಂದು ಗೀರು ಮೇಲೆ ಹಾಕಿದಾಗ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಒಂದೇ ಗೀರು, ಮತ್ತೆ ಅಳತೆ. ಸ್ಲೈಡ್ ವಾಪಸ್ ಇಳಿಸುವಾಗ ಅದರ ಕತ್ತರಿಸಿದ ಅಂಚು ಫಿಲ್ಟರ್ ಕಡೆಗಿರಬೇಕು. ರೇಸ್ ಕೊಟ್ಟಾಗ ಎಂಜಿನ್ ತಡವರಿಸಿದರೆ, ರೇಸ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅಂದರೆ, ಪ್ಲಗ್ ಬೆಳ್ಳಗಾದರೆ, ಪೆಟ್ರೋಲ್ ಕಡಿಮೆ ಮಾಡಿದ್ದು ಅತಿಯಾಯಿತು ಅಂತ ಅರ್ಥ. ಪ್ಲಗ್ ತಿಳಿ ಕಂದು ಬಣ್ಣವಿದ್ದರೆ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ನನ್ನದರಲ್ಲಿ ಸೂಜಿಯನ್ನು ಇದ್ದಲ್ಲೇ ಬಿಟ್ಟೆ.

ಮೇನ್ ಜೆಟ್ ಕಂಪನಿಯ ನಂಬರಿನದೇ ಇರಲಿ. ಈಗಂತೂ ಚಿಕ್ಕದು ಹಾಕಲೇಬಾರದು. ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು. ಒಂದು ಗ್ರಾಂ ಪೆಟ್ರೋಲ್ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಗ್ರಾಂ ಸಾಕು. ಹಾಗಾಗಿ ಹಳೇ ಜೆಟ್ಟಿನಲ್ಲೇ ಮಿಶ್ರಣ ಆಗಲೇ ಸ್ವಲ್ಪ ತೆಳುವಾಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. 2007ರ ಮೈಲೇಜ್ ಮತ್ತೆ ಬರಲಿ ಅಂತ ನಾನೂ ಹಟ ಹಿಡಿಯಲಿಲ್ಲ.

ಬ್ರೇಕ್, ಫಿಲ್ಟರ್, ಕ್ಲೀನಿಂಗ್, ಪೈಲಟ್ ಸ್ಕ್ರೂ ಇಷ್ಟಾದ ಮೇಲೆ ಅಳೆದೆ. 192 ಕಿಲೋಮೀಟರ್, 3.2 ಲೀಟರ್. ಸರಿಯಾಗಿ 60. ತೇರಹಳ್ಳಿಯನ್ನೂ ಇಬ್ಬರೂ ಕೂತೇ ಹತ್ತಿದೆವು.

ಡಿಸೆಂಬರಿನಲ್ಲಿ ಇಲ್ಲಿ ಬೆಳಗಿನ ಜಾವ ಚಳಿ ಜೋರು, ಚೋಕ್ ಎಳೆಯುವುದು ಮಾಮೂಲಿ. ಬೇಸಿಗೆಯಲ್ಲೂ ಚೋಕ್ ಇಲ್ಲದೆ ಗಾಡಿ ನಿಲ್ಲುತ್ತಿದ್ದರೆ ಪೈಲಟ್ ಸ್ಕ್ರೂವನ್ನು ಪೆಟ್ರೋಲ್ ಹೆಚ್ಚಾಗುವ ಕಡೆಗೆ ಕಾಲು ಸುತ್ತು ತಿರುಗಿಸಿ.