ಶಾಲೆ ಪಕ್ಕ ಬಾರ್ ಬರ್ತಿದೆಯಾ? ಮೊದಲು ಟೇಪ್ ಹಿಡಿಯಿರಿ

ಬಾಗೇಪಲ್ಲಿ ಕಡೆಯ ನಮ್ಮೂರಲ್ಲಿ, ಶಾಲೆ ರಸ್ತೆಗೆ ಎಣ್ಣೆ ಅಂಗಡಿ ಬರುತ್ತದೆ ಅಂತ ಸುದ್ದಿಯಾದಾಗ ನಾನು ಎರಡು ಪುಟದ ಅರ್ಜಿ ಬರೆದಿದ್ದೆ. ಮಕ್ಕಳ ಭವಿಷ್ಯ, ಹೆಂಗಸರ ಗೋಳು, ಪಾನನಿಷೇಧಕ್ಕೆ ಯತ್ನಿಸಿ ಅಂತ ಸರ್ಕಾರಕ್ಕೆ ಹೇಳುವ ಸಂವಿಧಾನದ 47ನೇ ವಿಧಿ, ಎಲ್ಲಾ ಇತ್ತು. ಮೀಟರ್ ಲೆಕ್ಕ ಮಾತ್ರ ಇರಲಿಲ್ಲ. ಸ್ವೀಕೃತಿ ಸೀಲು ಕೂಡ ಹಾಕಿಸಿಕೊಂಡಿರಲಿಲ್ಲ. ಆ ಅರ್ಜಿ ಎಲ್ಲಿ ಹೋಯಿತೋ!

ಅಳತೆಯೇ ಮುಖ್ಯ. 1967ರ ಅಬಕಾರಿ ಲೈಸೆನ್ಸ್ ನಿಯಮಗಳ 5ನೇ ನಿಯಮದಂತೆ ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಅಂಗಡಿ ಬರುವಂತಿಲ್ಲ. ಸುಮ್ನೆ ಮೊಬೈಲ್ ಮ್ಯಾಪಿನಲ್ಲಿ ಗೆರೆ ಎಳೆದರೆ ಆಗಲ್ಲ. ಅಂಗಡಿ ಬಾಗಿಲಿನ ನಡುಮಧ್ಯದಿಂದ ಹಿಡಿದು, ಜನ ದಿನಾ ನಡೆಯುವ ಹತ್ತಿರದ ದಾರಿಯಲ್ಲೇ ಹೋಗಿ, ಶಾಲೆಯ ಹತ್ತಿರದ ಗೇಟಿನ ನಡುಮಧ್ಯದವರೆಗೆ ಅಳೆಯಬೇಕು. ಕಾಂಪೌಂಡ್ ಇಲ್ಲದಿದ್ದರೆ ಶಾಲೆ ಬಾಗಿಲವರೆಗೆ. ಆಟ ಇರೋದೇ ಇಲ್ಲಿ: ಅಂಗಡಿ ಬಾಗಿಲನ್ನು ಆ ಕಡೆ ಗೋಡೆಗೆ ತಿರುಗಿಸಿದರೆ 90 ಮೀಟರ್ ಇದ್ದದ್ದು 110 ಆಗಿಬಿಡುತ್ತದೆ. ಅದಕ್ಕೇ ಶಾಲೆಯ ಹಿಂದಿನ ಗೇಟನ್ನೂ ನೋಡಿ. ಮೇಸ್ತ್ರಿ ಹತ್ತಿರ ಉದ್ದನೆ ಟೇಪ್ ಇರುತ್ತದೆ, ಇಸ್ಕೊಳ್ಳಿ. ಅಳೆಯುವಾಗ ಫೋಟೋ ತೆಗೆಯಿರಿ.

ಇಷ್ಟೆಲ್ಲಾ ಯಾಕೆ ಅಂದರೆ, ನಮ್ಮಲ್ಲಿ ಲೈಸೆನ್ಸ್ ಫೈಲು, ತಪಾಸಣೆ, ಕೇಸು, ತೆರಿಗೆ ವಸೂಲಿ ಎಲ್ಲಾ ಅಬಕಾರಿ ಇಲಾಖೆಯದ್ದೇ. 2003ರಲ್ಲಿ ಬಂದ ರಾಜ್ಯ ಸರ್ಕಾರದ ಪಾನೀಯ ನಿಗಮ ಮದ್ಯದ ಸಗಟು ಮಾರಾಟಕ್ಕೆ ಮಾತ್ರ. ಇದನ್ನೆಲ್ಲಾ ನೋಡಿಕೊಳ್ಳೋಕೆ ಸರ್ಕಾರದ ಹಿಡಿತದಲ್ಲಿರದ ಬೇರೆ ಮಂಡಳಿ ಅಂತ ಒಂದಿಲ್ಲ, ಹಾಗಾಗಿ ಅಳತೆ ಸರಿ ಇದೆಯಾ ಅಂತ ನಾವೇ ನೋಡಬೇಕು. ಅಮೆರಿಕದಲ್ಲಿ 1933ಕ್ಕೆ ಪಾನನಿಷೇಧ ಮುಗಿದಾಗ ಪೆನ್ಸಿಲ್ವೇನಿಯಾ ರಾಜ್ಯ ಬೇರೆಯೇ ಮದ್ಯ ಮಂಡಳಿ ಮಾಡಿಕೊಂಡಿತು. ಆದರೆ ಮಾರುವುದೂ ಅದೇ, ಲೈಸೆನ್ಸ್ ಕೊಡುವುದೂ ಅದೇ! 1987ರಲ್ಲಿ ತಪ್ಪು ಹಿಡಿಯುವ ಕೆಲಸವನ್ನಾದರೂ ಅದರಿಂದ ಬಿಡಿಸಿ ಪೊಲೀಸರಿಗೆ ಕೊಟ್ಟರು. ನಮ್ಮಲ್ಲಿ ಅಷ್ಟೂ ಆಗಿಲ್ಲ ಅಲ್ವಾ?

ಹಾಗಾಗಿ ಅರ್ಜಿ ಅರ್ಧ ಪುಟ ಸಾಕು. ಜಿಲ್ಲಾಧಿಕಾರಿಗೆ ಬರೆಯಿರಿ, ಅಬಕಾರಿ ಉಪ ಆಯುಕ್ತರಿಗೆ ಪ್ರತಿ ಕೊಡಿ. ಅಳತೆ, ಫೋಟೋ, ಶಾಲೆಯ ಮಾನ್ಯತೆ ಪತ್ರದ ಜೆರಾಕ್ಸ್ ಲಗತ್ತಿಸಿ. ಗ್ರಾಮ ಪಂಚಾಯಿತಿ ಠರಾವು ಸಿಕ್ಕರೆ ಒಳ್ಳೇದು, ಆದರೆ ಅದಕ್ಕೆ ಕಾಯುತ್ತಾ ಕೂರಬೇಡಿ. ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಅಬಕಾರಿಯವರು ಬಂದು ಅಳತೆ ಮಾಡಿಕೊಂಡು ಹೋದ ಮೇಲೆ ಮಾಹಿತಿ ಹಕ್ಕಿನಲ್ಲಿ ಸ್ಥಳ ಪರಿಶೀಲನೆ ವರದಿ ಮತ್ತು ನಕ್ಷೆ ಕೇಳಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ದಾಟಬಾರದು. ನಕ್ಷೆ ಕೈಗೆ ಬಂದ ತಕ್ಷಣ ಒಂದೇ ನೋಡಿ: ಬಾಗಿಲನ್ನು ಯಾವ ಗೋಡೆಯಲ್ಲಿ ತೋರಿಸಿದ್ದಾರೆ?