ದುಡ್ಡು ಕೊಟ್ಟು ತಂದ ಹುಲ್ಲು

ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ ಮನೆ ಕಟ್ಟಿಸಿದ ಮೇಲೆ ಮುಂದುಗಡೆ ಇಪ್ಪತ್ತಕ್ಕೆ ಇಪ್ಪತ್ತು ಅಡಿ ಜಾಗ ಉಳಿಯಿತು. ಟೈಲ್ಸ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ನನಗೆ ಮಾತ್ರ ಸಂಜೆ ಬರಿಗಾಲಲ್ಲಿ ಹುಲ್ಲಿನ ಮೇಲೆ ಕೂತು ಕಾಫಿ ಕುಡಿಯುವ ಆಸೆ. 2019ರ ಜೂನ್‌ನಲ್ಲಿ ಲಾನ್ ಹಾಕಿಸಿದೆ. ಮೆಕ್ಸಿಕನ್ ಹುಲ್ಲು, ಶೀಟ್ ಲೆಕ್ಕದಲ್ಲಿ, ಅಂದರೆ ಮಣ್ಣು ಸಮೇತ ಚಾಪೆಯಂತೆ ಕತ್ತರಿಸಿ ತಂದದ್ದು.

ಮಂಡ್ಯ ಕಡೆಯ ನಮ್ಮ ಮಾವ ಆ ವಾರವೇ ಬಂದರು. ಆಯುಷ್ಯವೆಲ್ಲ ಭತ್ತ, ಕಬ್ಬು ಬೆಳೆದವರು. ಗೇಟಿನ ಹತ್ತಿರವೇ ನಿಂತು ನೋಡಿದರು. "ಏನ್ ಅಳಿಯಂದ್ರೇ, ದುಡ್ಡು ಕೊಟ್ಟು ಹುಲ್ಲು ತಂದ್ರಾ? ಹೇಳಿದ್ದಿದ್ರೆ ನಮ್ಮ ಗದ್ದೆ ಬದಿಂದ ಒಂದು ಗಾಡಿ ಕಳಿಸ್ತಿದ್ನಲ್ಲ!" ನನ್ನ ಹೆಂಡತಿ ನಕ್ಕಿದ್ದು ಒಳಗಿನಿಂದ ಕೇಳಿಸಿತು.

ಮೊದಲ ಮೂರು ತಿಂಗಳು ಸ್ವರ್ಗ. ಮಳೆ ಬರುತ್ತಿತ್ತು, ಹುಲ್ಲು ಹಬ್ಬುತ್ತಿತ್ತು. ಬೆಳಿಗ್ಗೆ ಇಬ್ಬನಿ ಬಿದ್ದಾಗ ಕಾಲಿಟ್ಟರೆ ತಲೆಯವರೆಗೂ ತಂಪು. ಆಮೇಲೆ ನಡುನಡುವೆ ಕಡು ಹಸಿರಿನ, ನೆಟ್ಟಗಿನ ಎಲೆಗಳು ತಲೆ ಎತ್ತಿದವು. ಕೊನ್ನಾರಿ ಗಡ್ಡೆ! ಶೀಟಿನ ಮಣ್ಣಿನ ಜೊತೆಗೇ ಬಂದಿತ್ತು. ನಾನು ಉತ್ಸಾಹದಿಂದ ಎಲೆ ಹಿಡಿದು ಕಿತ್ತೆ. ಒಂದು ಕಿತ್ತ ಕಡೆ ಹತ್ತು ದಿನಕ್ಕೆ ಮೂರು ಬಂತು. ಅದರ ಗಡ್ಡೆಗಳು ಮಣ್ಣಿನೊಳಗೆ ಸರದ ಮಣಿಗಳ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಮೇಲೆ ಎಳೆದರೆ ದಾರ ಮಾತ್ರ ಹರಿಯುತ್ತದೆ. ಸುಮ್ಮನೆ ಮಲಗಿದ್ದ ಗಡ್ಡೆಗಳೂ ಆಗ ಎದ್ದು ಚಿಗುರುತ್ತವೆ. ಈಗ ನನ್ನ ಆಯುಧ ಒಂದು ಹಳೇ ಸ್ಕ್ರೂ ಡ್ರೈವರ್. ಮಳೆ ಬಂದ ಮರುದಿನ, ಮಣ್ಣು ಮೆತ್ತಗಿದ್ದಾಗ, ಎಲೆಯ ಬುಡದಲ್ಲಿ ಗೇಣುದ್ದ ಇಳಿಸಿ ಗಡ್ಡೆ ಸಮೇತ ಎತ್ತುತ್ತೇನೆ. ಆರು ವರ್ಷ ಆಯ್ತು, ಇನ್ನೂ ಮುಗಿದಿಲ್ಲ. ನಿಮ್ಮ ಮನೆಗೆ ಶೀಟ್ ತರಿಸುವುದಾದರೆ ಗಾಡಿಯಿಂದ ಇಳಿಸುವ ಮೊದಲೇ ನಾಲ್ಕೈದು ಶೀಟ್ ಮಗುಚಿ ನೋಡಿ. ಕಪ್ಪು ಗಡ್ಡೆ ಕಂಡರೆ ವಾಪಸ್ ಕಳಿಸಿ.

ಯೂರಿಯಾ ಕಥೆ ನನ್ನದೇ ತಪ್ಪು. ಹುಲ್ಲು ಹಳದಿ ತಿರುಗಿತು ಅಂತ ಸುಮಾರು ಒಂದು ಕೇಜಿ ಯೂರಿಯಾವನ್ನು ಮಟಮಟ ಮಧ್ಯಾಹ್ನ ಕೈಯಲ್ಲಿ ಎರಚಿ, ನೀರು ಬಿಡದೆ ಕೆಲಸಕ್ಕೆ ಹೋದೆ. ಮೂರೇ ದಿನಕ್ಕೆ ಎರಚಿದ ಕೈಯ ಬೀಸು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಸುಟ್ಟ ಗೆರೆ. ಬೀದಿನಾಯಿ ಉಚ್ಚೆ ಹೊಯ್ದ ಜಾಗ ಸುಡುವುದೂ ಇದೇ ಕಾರಣಕ್ಕೆ, ಒಂದೇ ಕಡೆ ಸಾರಜನಕ ಜಾಸ್ತಿ ಬೀಳುತ್ತದೆ. ನಡುವೆ ಸತ್ತ ವೃತ್ತ, ಸುತ್ತ ಸೊಂಪಾದ ಹಸಿರು ಬಳೆ. ಈಗ ಮುನ್ನೂರು ಗ್ರಾಂ ತೂಗಿ, ಮರಳಿನಲ್ಲಿ ಬೆರೆಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎರಚಿ ಕೂಡಲೇ ನೀರು ಬಿಡುತ್ತೇನೆ. ಅದೂ ವರ್ಷಕ್ಕೆ ಎರಡೇ ಸಲ. ಉಳಿದದ್ದೆಲ್ಲ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ.

ಕತ್ತರಿಸುವುದು ನನಗೆ ಇಷ್ಟವಾದ ಕೆಲಸ. ಕೈಯಲ್ಲಿ ತಳ್ಳುವ, ಬ್ಲೇಡುಗಳು ಉರುಳೆಯಂತೆ ಸುತ್ತುವ ಸಿಲಿಂಡರ್ ಮೆಷಿನ್ ಇದೆ. ಇದೇ ಬಗೆಯ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ಮಾಡಿದ. ಅಲ್ಲಿಯವರೆಗೆ ಕುಡುಗೋಲೇ, ಇಲ್ಲವೇ ಕುರಿ. ಭಾನುವಾರ ಬೆಳಿಗ್ಗೆ ಅದರ ಟರ್ರ್ ಟರ್ರ್ ಸದ್ದು, ಕೊಯ್ದ ಹುಲ್ಲಿನ ವಾಸನೆ, ಅರ್ಧ ಗಂಟೆಗೆ ಬೆನ್ನೆಲ್ಲ ಬೆವರು. ಒಂದು ಸಲ ಸೆಪ್ಟೆಂಬರ್ ಮಳೆಯಲ್ಲಿ ಹದಿನೈದು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಕಾಲು ಮುಚ್ಚುವಷ್ಟು ಬೆಳೆದಿತ್ತು. ಸಿಟ್ಟಿನಿಂದ ಒಂದೇ ಸಲಕ್ಕೆ ಬೋಳಿಸಿದೆ. ಕೆಳಗೆ ಉಳಿದದ್ದು ಕಂದು ಕಡ್ಡಿ ಮಾತ್ರ, ತಿರುಪತಿಗೆ ಹೋಗಿ ಬಂದವರ ತಲೆ ಥರ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒಮ್ಮೆಗೆ ತೆಗೆಯಬಾರದು ಅನ್ನುವುದು ಆಮೇಲೆ ಗೊತ್ತಾಯಿತು.

ನೆರಳಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಸಂಪಿಗೆ ಮರದಡಿ ಮೂರು ಸಲ ನೆಟ್ಟೆ, ಮೂರು ಸಲವೂ ಸತ್ತಿತು. ಕಲ್ಲು ಚಪ್ಪಡಿ ಹಾಕಿದೆ.

2021ರ ಆಗಸ್ಟ್‌ನಲ್ಲಿ ಅಲ್ಲಲ್ಲಿ ಹುಲ್ಲು ಒಣಗತೊಡಗಿತು. ನೀರು ಸಾಲದು ಅಂತ ಇನ್ನಷ್ಟು ಬಿಟ್ಟೆ. ಮೈನಾಗಳು, ಒಂದು ಜೊತೆ ಚಂದ್ರಮುಕುಟ ದಿನವೂ ಬಂದು ಅದೇ ಜಾಗ ಕುಕ್ಕುತ್ತಿದ್ದವು. ನಾನು ಫೋಟೋ ತೆಗೆದು ಖುಷಿಪಡುತ್ತಿದ್ದೆ. ಮಾವ ಬಂದವರು ಒಣಗಿದ ತುದಿ ಹಿಡಿದು ಎಳೆದರು. ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂತು, ಬೇರೇ ಇಲ್ಲ. ಕೆಳಗೆ ಕೊಕ್ಕೆಯಂತೆ ಬಾಗಿದ ದಪ್ಪ ಬಿಳಿ ಹುಳುಗಳು. "ಗೊಣ್ಣೆ ಹುಳ! ನಮ್ಮ ಕಬ್ಬಿನ ಬುಡ ತಿನ್ನೋದೂ ಇದೇ ಕಣಪ್ಪ." ನನಗೆ ನಾಚಿಕೆಯಾಯಿತು, ಅವರಿಗೆ ಒಳಗೊಳಗೇ ಸಂತೋಷ. ಕೊನೆಗೂ ನನ್ನ ಲಾನ್ ಅವರಿಗೆ ಪರಿಚಯದ ಬೆಳೆಯಾಗಿತ್ತು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಹಳೇ ಪೇಂಟ್ ಡಬ್ಬಕ್ಕೆ ಹುಳು ಆಯ್ದೆವು. ಬೇವಿನ ಹಿಂಡಿ ಬೆರೆಸಿ ಮಣ್ಣು ಸರಿಮಾಡಿದೆವು. ಮೊದಲ ಮಳೆಗೆ ಇದರ ದುಂಬಿಗಳು ಮಣ್ಣಿಂದೆದ್ದು ಮುಸ್ಸಂಜೆ ಬೇವಿನ ಎಲೆ ತಿನ್ನಲು ಹೋಗುತ್ತವೆ, ಆಮೇಲೆ ಹಸಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ. ಹಾಗಾಗಿ ಈಗ ಪ್ರತಿ ಮೇ ತಿಂಗಳು ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ರಸ್ತೆ ಬದಿಯ ಬೇವಿನ ಕೊಂಬೆ ಅಲ್ಲಾಡಿಸುತ್ತೇನೆ. ಕೆಳಗೆ ಹಳೇ ಸೀರೆ ಹಾಸಿರುತ್ತೇನೆ. ಎದುರು ಮನೆಯವರು ಮೊದಲ ವರ್ಷ ಏನೆಂದುಕೊಂಡರೋ ಗೊತ್ತಿಲ್ಲ.

ನೀರಿನ ಲೆಕ್ಕ ಮಾತ್ರ ಮನಸ್ಸಿಗೆ ಚುಚ್ಚಿದ್ದು. ನಾನೂರು ಚದರ ಅಡಿಗೆ ಒಂದು ಇಂಚು ನೀರು ಬಿಡಬೇಕೆಂದರೆ ಒಂಬೈನೂರು ಲೀಟರಿಗೂ ಜಾಸ್ತಿ. ಬೇಸಿಗೆಯಲ್ಲಿ ಅದು ಒಂದು ವಾರದ ಮಾತು. 2023ರಲ್ಲಿ ಮುಂಗಾರು ಕೈಕೊಟ್ಟಿತು, ಕೆಆರ್‌ಎಸ್ ಅಣೆಕಟ್ಟೆ ಆ ವರ್ಷ ಭರ್ತಿ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಮಾವನ ಗದ್ದೆಗೆ ನಾಲೆ ನೀರಿಲ್ಲ, ನಾನು ಇಲ್ಲಿ ಪೈಪ್ ಹಿಡಿದು ಹುಲ್ಲಿಗೆ ಬಿಡುವುದಾ? 2024ರ ಫೆಬ್ರವರಿಯಿಂದ ನಿಲ್ಲಿಸಿಬಿಟ್ಟೆ. ಏಪ್ರಿಲ್ ಹೊತ್ತಿಗೆ ಅಂಗಳ ತೆಂಗಿನ ನಾರಿನ ಬಣ್ಣ. ದಿನಾ ಬೆಳಿಗ್ಗೆ ಬಾಗಿಲು ತೆಗೆಯಲು ಬೇಜಾರು.

ಮೇ ಮಳೆಗೆ ಮೊದಲು ಚಿಗುರಿದ್ದು ಮೆಕ್ಸಿಕನ್ ಅಲ್ಲ. ಐದು ವರ್ಷ ಕಳೆ ಅಂತ ನಾನು ಕಿತ್ತೆಸೆಯುತ್ತಿದ್ದ ಗರಿಕೆ. ಒಂದೇ ತಿಂಗಳಲ್ಲಿ ಅರ್ಧ ಅಂಗಳ ಅದರದೇ. ಮೆಕ್ಸಿಕನ್ ಇನ್ನರ್ಧದಲ್ಲಿ ಅಲ್ಲಲ್ಲಿ ನಿಧಾನವಾಗಿ ಬಂತು, ಉಳಿದ ಕಡೆ ಬರಲೇ ಇಲ್ಲ. ನರ್ಸರಿಗಳಲ್ಲಿ ಬರ್ಮುಡಾ ಅಂತ ಮಾರುವುದೂ ಗರಿಕೆಯ ಜಾತಿಯೇ, ಕ್ರಿಕೆಟ್ ಮೈದಾನಕ್ಕೂ ಅದನ್ನೇ ಹಾಕುತ್ತಾರೆ. ಇದು ಗೊತ್ತಾದ ದಿನ ಮಾವನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಗಾಡಿ ಲೆಕ್ಕ ಶುರುವಾಗುತ್ತಿತ್ತು.

ಈಗ ಎರಡನ್ನೂ ಬಿಟ್ಟಿದ್ದೇನೆ. ಬಣ್ಣ ಎರಡು ಥರ ಕಾಣುತ್ತದೆ, ಇರಲಿ. ಗೇಟಿನ ಪಕ್ಕದ ಮೂಲೆಗೆ ಮಾತ್ರ ಶ್ರಾವಣದಿಂದ ಮೆಷಿನ್ ಹಾಕುವ ಹಾಗಿಲ್ಲ. ಪಕ್ಕದ ಮನೆಯ ಆಂಟಿಯ ಅಪ್ಪಣೆ. "ನೀವು ಹಾಗೆ ಬೋಳಿಸಿದ್ರೆ ಗಣೇಶನಿಗೆ ಇಪ್ಪತ್ತೊಂದು ಗರಿಕೆ ಎಲ್ಲಿಂದ ತರ್ಲಿ ಹೇಳಿ?" ಮೊನ್ನೆ ಅಲ್ಲೇ ಎರಡು ಕೊನ್ನಾರಿ ಕಂಡಿದ್ದೇನೆ. ಮಳೆ ಬರಲಿ ಅಂತ ಕಾಯುತ್ತಿದ್ದೇನೆ.