ಮುಖಪುಟ ಮಾಡುವ ಮೊದಲು ಬೇರೆ ಮುಖಪುಟಗಳನ್ನು ನೋಡುವುದು: ನನ್ನ ಅನುಭವ

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರ ಕಥೆ. ಆ ಕಾದಂಬರಿಗೆ ನಾನು ಮುಖಪುಟ ಮಾಡಿಕೊಡಬೇಕಿತ್ತು. ಪ್ರಕಾಶಕರು ಹೇಳಿದ್ದು ಇಷ್ಟೇ: "ಆಸ್ಪತ್ರೆ ಅಂತ ಗೊತ್ತಾಗಬೇಕು, ಆದ್ರೆ ಮೆಡಿಕಲ್ ಪುಸ್ತಕ ಅನ್ನಿಸಬಾರದು." ಒಳ್ಳೆಯ ಸೂಚನೆ. ಕಷ್ಟ ಎಲ್ಲಿದೆ ಅಂತ ಅವರೇ ತೋರಿಸಿಕೊಟ್ಟಿದ್ದರು.

ಇಂಥ ಕೆಲಸ ಬಂದಾಗ ನಾನು ಈಗಾಗಲೇ ಇರುವ ಮುಖಪುಟಗಳನ್ನು ಹುಡುಕಿ ನೋಡುತ್ತೇನೆ. ಅದೂ ಸಾಕಷ್ಟು ಹೊತ್ತು. ಹಾಗೆ ನೋಡಿದರೆ ಸ್ವಂತಿಕೆ ಕೆಡುತ್ತದೆ ಎನ್ನುವವರಿದ್ದಾರೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ. ಏನೂ ನೋಡದೆ ಕೂತರೆ ನಮ್ಮ ತಲೆಗೆ ಮೊದಲು ಹೊಳೆಯುವುದು ಎಲ್ಲರ ತಲೆಗೂ ಮೊದಲು ಹೊಳೆದದ್ದೇ. ಅದನ್ನು ಹೊಸದು ಅಂದುಕೊಂಡು ಮಾಡಿ ಮುಗಿಸುತ್ತೇವೆ, ಅಷ್ಟೇ.

ಆದರೆ ಹುಡುಕಾಟಕ್ಕೆ ಇಳಿಯುವ ಮೊದಲು ಹಸ್ತಪ್ರತಿ ಪೂರ್ತಿ ಓದಿಬಿಡುತ್ತೇನೆ. ಓದುವಾಗ ಮತ್ತೆ ಮತ್ತೆ ಬರುವ ವಸ್ತು, ಬೆಳಕು, ಹೊತ್ತು, ಜಾಗ ಇವನ್ನೆಲ್ಲ ಗುರುತು ಹಾಕಿಕೊಳ್ಳುತ್ತೇನೆ. ಈ ಕಾದಂಬರಿಯಲ್ಲಿ ಸಿಕ್ಕಿದ್ದು ಮಿನುಗುವ ಟ್ಯೂಬ್‌ಲೈಟ್, ಹಾಸಿಗೆಯ ಸುತ್ತಲಿನ ಪರದೆ, ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟ್, ಬೆಳಗಿನ ಜಾವದ ನಾಲ್ಕು ಗಂಟೆ. ಈ ಪಟ್ಟಿ ಮೊದಲೇ ಕಾಗದದ ಮೇಲೆ ಇರಬೇಕು. ಬೇರೆ ಮುಖಪುಟಗಳನ್ನು ನೋಡಿದ ಮೇಲೆ ಓದಿದರೆ ಪುಸ್ತಕದಲ್ಲಿ ಇರುವುದು ಕಾಣಿಸುವುದಿಲ್ಲ, ನೋಡಿಬಂದದ್ದೇ ಕಾಣಿಸುತ್ತದೆ.

ಮೊದಲು ನೋಡಿದ್ದು ಅದೇ ವಿಷಯದ ಪುಸ್ತಕಗಳನ್ನು. ಆಸ್ಪತ್ರೆ, ನರ್ಸ್, ಡಾಕ್ಟರ್, ರೋಗಿ ಇರುವ ಕಾದಂಬರಿ ಮತ್ತು ನೆನಪಿನ ಪುಸ್ತಕಗಳು. ಗ್ರಂಥಾಲಯದ ಕಪಾಟು, ಆನ್‌ಲೈನ್ ಪುಸ್ತಕದಂಗಡಿಗಳು, ಎರಡನ್ನೂ ಜಾಲಾಡಿದೆ. ಸ್ವಲ್ಪ ಹೊತ್ತಿಗೇ ಒಂದೇ ಮುಖ ತಿರುತಿರುಗಿ ಬರತೊಡಗಿತು. ಸ್ಟೆತಸ್ಕೋಪ್. ಉದ್ದನೆಯ ಖಾಲಿ ಕಾರಿಡಾರ್. ಇಸಿಜಿಯ ಏರಿಳಿತದ ಗೆರೆ. ನಮಗೆ ಬೆನ್ನು ಮಾಡಿ ನಿಂತ ಹೆಂಗಸು. ಬಣ್ಣ ಹೆಚ್ಚಾಗಿ ಬಿಳಿ, ಇಲ್ಲವೇ ನೀಲಿ-ಹಸಿರು.

ಬೆನ್ನು ಮಾಡಿದ ಹೆಂಗಸು ಆಸ್ಪತ್ರೆಯ ಕಥೆಗಳಲ್ಲಿ ಮಾತ್ರ ಇಲ್ಲ, ಎಲ್ಲ ಕಡೆ ಇದ್ದಾಳೆ. ಮುಖ ತೋರಿಸದಿದ್ದರೆ ಓದುಗರು ತಮಗೆ ಬೇಕಾದ ಮುಖ ಕಲ್ಪಿಸಿಕೊಳ್ಳಲಿ ಎನ್ನುವ ಲೆಕ್ಕ. ಜೊತೆಗೆ ಇನ್ನೊಂದು ಕಾರಣವೂ ಇದೆ. ಸ್ಟಾಕ್ ಫೋಟೋಗಳನ್ನು, ಅಂದರೆ ಮೊದಲೇ ತೆಗೆದು ಮಾರಾಟಕ್ಕಿಟ್ಟ ಫೋಟೋಗಳನ್ನು, ಸಾಮಾನ್ಯವಾಗಿ ಯಾರು ಬೇಕಾದರೂ ದುಡ್ಡು ಕೊಟ್ಟು ಬಳಸಬಹುದು, ಒಬ್ಬರಿಗೇ ಮೀಸಲಲ್ಲ. ಹಾಗಾಗಿ ಅದೇ ಹೆಂಗಸು, ಅದೇ ಕೋಟು, ಬೇರೆ ಬೇರೆ ಪುಸ್ತಕದ ಮೇಲೆ ಬಂದು ನಿಲ್ಲುತ್ತಾಳೆ. ಇದನ್ನು ಕಂಡ ಮೇಲೆ ಫೋಟೋ ಬೇಡ ಅಂತ ಆಗಲೇ ಅನ್ನಿಸಿಬಿಟ್ಟಿತು.

ಹಾಗಂತ ಈ ಸವೆದ ಗುರುತುಗಳನ್ನು ಸುಮ್ನೆ ನಕ್ಕು ತಳ್ಳಿಬಿಡುವ ಹಾಗಿಲ್ಲ. ಅವು ಓದುಗರಿಗೆ ದಾರಿ ತೋರಿಸುವ ಫಲಕಗಳು. "ಎಲ್ಲರಿಗಿಂತ ಬೇರೆ ಮಾಡಿ" ಎನ್ನುವ ಸಲಹೆ ಕೇಳಲು ಚೆನ್ನ. ಎಲ್ಲ ಗುರುತನ್ನೂ ಅಳಿಸಿಬಿಟ್ಟರೆ ಪುಸ್ತಕ ಯಾವುದರ ಬಗ್ಗೆ ಅಂತಲೇ ತಿಳಿಯದೆ ಓದುಗ ಮುಂದೆ ಹೋಗಿಬಿಡುತ್ತಾನೆ. ನಾನು ಕೇಳಿಕೊಂಡಿದ್ದು ಬೇರೆ ಪ್ರಶ್ನೆ: ಇವುಗಳಲ್ಲಿ ಯಾವ ಒಂದನ್ನು ಉಳಿಸಿಕೊಂಡರೆ ಉಳಿದದ್ದೆಲ್ಲವನ್ನೂ ಬಿಡಬಹುದು? ಆ ನೀಲಿ-ಹಸಿರು ಬಣ್ಣದ ಕೆಳಗೆ ಒಂದು ಗೆರೆ ಎಳೆದಿಟ್ಟೆ.

ಆಮೇಲೆ ವಿಷಯ ಬಿಟ್ಟು ಮನಸ್ಥಿತಿ ಹಿಡಿದು ಹುಡುಕಿದೆ. ಕಾವಲುಗಾರರ ಕಥೆ, ರಾತ್ರಿ ಲಾರಿ ಓಡಿಸುವವರ ಕಥೆ, ದೀಪಸ್ತಂಭ ಕಾಯುವವರ ಕಥೆ. ಊರೆಲ್ಲ ಮಲಗಿದಾಗ ಎಚ್ಚರ ಇರುವವರು. ಇಲ್ಲಿ ಸಿಕ್ಕಿದ್ದು ಜಾಸ್ತಿ. ರಾತ್ರಿಯನ್ನು ತೋರಿಸಲು ಕಪ್ಪು ಬಳಿಯಲೇಬೇಕು ಅಂತಿಲ್ಲ ಎನ್ನುವುದು ಕೆಲವು ಮುಖಪುಟ ನೋಡಿದಾಗ ಗೊತ್ತಾಯಿತು. ಬಿಳಿ ಹಾಳೆಯ ಮೇಲೆ ಒಂದೇ ಒಂದು ಕಪ್ಪು ಚೂರು ಇಟ್ಟರೂ ರಾತ್ರಿಯೇ.

ಒಂದೇ ಪುಸ್ತಕದ ಬೇರೆ ಬೇರೆ ಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಇಂಟರ್ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿಯಲ್ಲಿ ಒಂದು ಪುಸ್ತಕ ತೆರೆದರೆ ಅದರ ಆವೃತ್ತಿಗಳು ವರ್ಷ, ಪ್ರಕಾಶಕರ ಹೆಸರಿನ ಸಮೇತ ಸಾಲಾಗಿ ಬರುತ್ತವೆ. ಬಹಳಷ್ಟಕ್ಕೆ ಮುಖಪುಟದ ಚಿತ್ರವೂ ಇರುತ್ತದೆ. ಒಳಗಿನ ಪಠ್ಯ ಬದಲಾಗಿಲ್ಲ, ಹೊದಿಕೆ ಮಾತ್ರ ಬದಲಾಗಿದೆ. ಹಾಗಾದರೆ ಬದಲಾವಣೆಗೆ ಕಾರಣ ಕಾಲ, ಓದುಗರು, ಮಾರುವ ಬಗೆ. ಪಿಂಟರೆಸ್ಟ್‌ನಲ್ಲಿ ಚಂದದ ಮುಖಪುಟಗಳು ರಾಶಿ ಸಿಗುತ್ತವೆ, ಆದರೆ ಅಲ್ಲಿ ಎಷ್ಟೋ ಸಲ ವರ್ಷ ಇರುವುದಿಲ್ಲ, ಮಾಡಿದವರ ಹೆಸರಿರುವುದಿಲ್ಲ. ನಿಜವಾಗಿ ಅಚ್ಚಾದ ಪುಸ್ತಕವೋ, ಯಾರೋ ಅಭ್ಯಾಸಕ್ಕೆ ಮಾಡಿದ್ದೋ ಅದೂ ತಿಳಿಯುವುದಿಲ್ಲ. ಕಣ್ಣಿಗೆ ಹಬ್ಬ, ಕೆಲಸಕ್ಕೆ ಅಷ್ಟಕ್ಕಷ್ಟೆ.

ಎರವಲು ತರುವುದು ತಪ್ಪು ಅನ್ನುವವರಿಗೆ ನಾನು ಇಂಗ್ಲೆಂಡಿನ ಪ್ರಕಾಶನ ಸಂಸ್ಥೆ ಪೆಂಗ್ವಿನ್ ಉದಾಹರಣೆ ಕೊಡುತ್ತೇನೆ. 1935ರಲ್ಲಿ ಬಂದ ಅದರ ಮೊದಲ ಪುಸ್ತಕಗಳ ವಿನ್ಯಾಸ ಎಲ್ಲರಿಗೂ ಗೊತ್ತು. ಮೂರು ಅಡ್ಡಪಟ್ಟಿ, ನಡುವಿನ ಬಿಳಿ ಪಟ್ಟಿಯಲ್ಲಿ ಹೆಸರು. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡುನೀಲಿ. ಹೊಸತನಕ್ಕೆ ಇದನ್ನೇ ತೋರಿಸುತ್ತಾರೆ, ಅಲ್ವಾ? ಆದರೆ 1932ರಲ್ಲೇ ಯುರೋಪಿನಲ್ಲಿ ಅಲ್ಬಾಟ್ರಾಸ್ ಎಂಬ ಹೆಸರಿನಲ್ಲಿ ಅಗ್ಗದ ಪುಸ್ತಕಗಳು ಬಂದಿದ್ದವು. ಒಂದೊಂದು ಬಗೆಗೆ ಒಂದೊಂದು ಬಣ್ಣ, ಅಕ್ಷರಗಳೇ ಮುಖ್ಯವಾದ ಹೊದಿಕೆ, 181×111 ಮಿಲಿಮೀಟರ್ ಅಳತೆ, ಜೊತೆಗೊಂದು ಹಕ್ಕಿಯ ಹೆಸರು. ಅಳತೆ, ಬಣ್ಣದ ಲೆಕ್ಕ, ಹಕ್ಕಿ ಮೂರನ್ನೂ ಪೆಂಗ್ವಿನ್ ತನ್ನದಾಗಿಸಿಕೊಂಡಿತು. ಪಟ್ಟಿಗಳು ಮಾತ್ರ ಅದರ ಸ್ವಂತದ್ದು. ಹಕ್ಕಿಯ ಚಿತ್ರವನ್ನು ಅಲ್ಲಿನ ವಿನ್ಯಾಸಕ ಎಡ್ವರ್ಡ್ ಯಂಗ್ ಲಂಡನ್ ಮೃಗಾಲಯಕ್ಕೆ ಹೋಗಿ ನೋಡಿಯೇ ಬರೆದುಕೊಂಡು ಬಂದರು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1947ರಲ್ಲಿ ಅಕ್ಷರ ವಿನ್ಯಾಸಕ ಯಾನ್ ಚಿಕೋಲ್ಡ್ ಪೆಂಗ್ವಿನ್ ಸಂಸ್ಥೆಗೆ ಬಂದರು. ಪಟ್ಟಿಗಳನ್ನು ಕಿತ್ತೆಸೆಯಲಿಲ್ಲ. ಅಕ್ಷರಗಳ ನಡುವಿನ ಜಾಗ ಸರಿಮಾಡಿದರು, ಹಕ್ಕಿಯನ್ನು ತಿದ್ದಿದರು, ಅಚ್ಚುಜೋಡಣೆಗೆ ನಿಯಮ ಬರೆದಿಟ್ಟರು. 1961ರಲ್ಲಿ ವಿನ್ಯಾಸಕ ರೋಮೆಕ್ ಮಾರ್ಬರ್ ಪತ್ತೇದಾರಿ ಮಾಲೆಯನ್ನು ಕೈಗೆತ್ತಿಕೊಂಡು ಮೇಲಿನ ಮೂರನೇ ಒಂದು ಭಾಗ ಅಕ್ಷರಕ್ಕೆ, ಕೆಳಗಿನ ಎರಡು ಭಾಗ ಚಿತ್ರಕ್ಕೆ ಅಂತ ಚೌಕಟ್ಟು ಹಾಕಿದರು. ಹಸಿರು ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಆ ಹೊತ್ತಿಗೆ ಓದುಗರು ಹಸಿರು ನೋಡಿಯೇ ಪತ್ತೇದಾರಿ ಎಂದು ಕೈ ಹಾಕುತ್ತಿದ್ದರು. ಪ್ರತಿ ಸಲವೂ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಎನ್ನುವುದೇ ನನಗೆ ಪಾಠ. ನಮ್ಮ ನೀಲಿ-ಹಸಿರಿನ ಕೆಳಗೆ ಗೆರೆ ಎಳೆದದ್ದು ಈ ಹಸಿರನ್ನು ನೆನೆದೇ.

ಚಿತ್ರವೇ ಬೇಡ ಎಂದವರೂ ಇದ್ದಾರೆ. ಫ್ರಾನ್ಸಿನ ಗಲಿಮಾರ್ ಪ್ರಕಾಶನ 1911ರಿಂದ ಕೆನೆಬಣ್ಣದ ಹಾಳೆ, ಕಪ್ಪು-ಕೆಂಪು ಗೆರೆ, ಅಕ್ಷರ ಇಷ್ಟರಲ್ಲೇ ಒಂದು ಮಾಲೆ ನಡೆಸಿಕೊಂಡು ಬಂದಿದೆ. ಜರ್ಮನಿಯ ಪ್ರಕಾಶನ ಸಂಸ್ಥೆ ಜುರ್ಕಾಂಪ್‌ಗೆ 1963ರಲ್ಲಿ ವಿನ್ಯಾಸಕ ವಿಲಿ ಫ್ಲೆಕ್‌ಹೌಸ್ ಮಾಡಿದ ಮಾಲೆಯಲ್ಲಿ ಪುಸ್ತಕಗಳನ್ನು ಸಾಲಾಗಿ ಇಟ್ಟರೆ ಬೆನ್ನುಗಳೇ ಕಾಮನಬಿಲ್ಲು. ಆದರೆ ಇವು ಮಾಲೆಗೆ ಸರಿ. ಒಂಟಿ ಕಾದಂಬರಿಗೆ ಇದನ್ನು ಮಾಡಿದರೆ ಮುಖಪುಟ ಇನ್ನೂ ಮುಗಿದಿಲ್ಲವೇನೋ ಅನ್ನಿಸುತ್ತದೆ.

ಇಷ್ಟೆಲ್ಲ ನೋಡುವಾಗ ನಾನು ಚಿತ್ರಗಳನ್ನು ಗುಡ್ಡೆ ಹಾಕಿಕೊಳ್ಳುವುದಿಲ್ಲ. ಒಂದು ಮುಖಪುಟಕ್ಕೆ ಒಂದೆರಡು ವಾಕ್ಯ ಬರೆಯುತ್ತೇನೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಏನನ್ನು ಮುಚ್ಚಿಟ್ಟಿದ್ದಾರೆ. "ದೊಡ್ಡ ಖಾಲಿ ಜಾಗ, ಮೂಲೆಯಲ್ಲಿ ಸಣ್ಣ ಆಕೃತಿ, ಹೆಸರು ಆಕೃತಿಯ ಎದುರು ಮೂಲೆಯಲ್ಲಿ. ಇಬ್ಬರೂ ಮಾತು ಬಿಟ್ಟವರ ಹಾಗೆ." ಹೀಗೆ. ಚಿತ್ರ ಎದುರಿಗಿದ್ದರೆ ಕೈ ಅದನ್ನೇ ಬರೆಯುತ್ತದೆ. ವಾಕ್ಯ ಎದುರಿಗಿದ್ದರೆ ಅದನ್ನು ಬೇರೆ ರೀತಿ ಕಟ್ಟಲೇಬೇಕಾಗುತ್ತದೆ. ಇಷ್ಟವಾದ ಪುಸ್ತಕ ಸಿಕ್ಕಿದಾಗ ಮುದ್ರಣ ವಿವರದ ಪುಟ ತೆರೆದು ಮುಖಪುಟ ಮಾಡಿದವರ ಹೆಸರನ್ನೂ ಬರೆದುಕೊಳ್ಳುತ್ತೇನೆ. ಆ ಹೆಸರು ಹಿಡಿದು ಹೋದರೆ ಅವರ ಬೇರೆ ಕೆಲಸ ಸಿಗುತ್ತದೆ.

ಪರದೆಯ ಮೇಲೆ ನೋಡಿದ್ದನ್ನು ಪೂರ್ತಿ ನಂಬುವುದೂ ಇಲ್ಲ. ಫಾಯಿಲ್ (ಲೋಹದ ಹೊಳಪಿನ ಅಚ್ಚು), ಉಬ್ಬಚ್ಚು, ಹೊಳಪಿಲ್ಲದ ಲ್ಯಾಮಿನೇಷನ್ ಇವೆಲ್ಲ ಫೋಟೋದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಪರದೆಯಲ್ಲಿ ಬೆಳಗುವ ನೀಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತದೆ. ಹಾಗಾಗಿ ಕೆಲವು ಪುಸ್ತಕಗಳನ್ನಾದರೂ ಕೈಯಲ್ಲಿ ಹಿಡಿದು, ಓರೆ ಮಾಡಿ, ಬೆಳಕಿಗೆ ಒಡ್ಡಿ ನೋಡಬೇಕು. ಬೆನ್ನನ್ನೂ ಅಷ್ಟೇ. ಕಪಾಟಿನಲ್ಲಿ ಕಾಣುವುದು ಬೆನ್ನು ಮಾತ್ರ, ಆದರೂ ಆನ್‌ಲೈನ್‌ನಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ. 80 ಜಿಎಸ್‌ಎಂ (ಒಂದು ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಅಂದರೆ 240 ಪುಟದ (120 ಹಾಳೆಯ) ಪುಸ್ತಕಕ್ಕೆ ಸಿಗುವ ಬೆನ್ನು ಹೆಚ್ಚುಕಡಿಮೆ 12 ಮಿಲಿಮೀಟರ್. ಅಷ್ಟರಲ್ಲಿ ಹೆಸರು ಓದುವಂತೆ ಕೂರಿಸಿದವರು ಹೇಗೆ ಕೂರಿಸಿದ್ದಾರೆ ಅಂತ ನೋಡಿಟ್ಟುಕೊಂಡೆ.

ಇನ್ನೊಂದು ವಿಷಯ. ಇಂಗ್ಲಿಷ್ ಮುಖಪುಟದಿಂದ ಅಕ್ಷರ ಕೂರಿಸುವ ಬಗೆಯನ್ನು ನೇರವಾಗಿ ಕನ್ನಡಕ್ಕೆ ಇಳಿಸಲು ಆಗುವುದಿಲ್ಲ. ಅವರ ದೊಡ್ಡಕ್ಷರಗಳು ಒಂದೇ ಎತ್ತರ, ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಬಹುದು. ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ. ಎರಡು ಸಾಲಿನ ಹೆಸರಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಹಾಗಾಗಿ ಅಕ್ಷರದ ಮಟ್ಟಿಗೆ ನಾನು ಕನ್ನಡದ ಹಳೆಯ ಮುಖಪುಟಗಳನ್ನೇ ನೋಡುತ್ತೇನೆ, ಅದರಲ್ಲೂ ಹೆಸರನ್ನು ಕೈಯಲ್ಲಿ ಬರೆದವನ್ನು. ಒತ್ತನ್ನು ಎಲ್ಲಿ ಕುಗ್ಗಿಸಿದ್ದಾರೆ, ಎಲ್ಲಿ ಪಕ್ಕಕ್ಕೆ ಸರಿಸಿದ್ದಾರೆ, ಎಲ್ಲಿ ಅದನ್ನೇ ಅಲಂಕಾರ ಮಾಡಿಕೊಂಡಿದ್ದಾರೆ ಅಂತ ಗಮನಿಸಿದರೆ ಸಾಕು.

ಒಂದು ಹಂತದಲ್ಲಿ ಮುಖಪುಟಗಳನ್ನು ಪೂರ್ತಿ ಮುಚ್ಚಿಡಬೇಕು. 1990ರಲ್ಲಿ ಬಂದ 'ಜುರಾಸಿಕ್ ಪಾರ್ಕ್' ಕಾದಂಬರಿಗೆ ವಿನ್ಯಾಸಕ ಚಿಪ್ ಕಿಡ್ ಮಾಡಿದ ಡೈನೋಸಾರ್ ಅಸ್ಥಿಪಂಜರ ಬೇರೆ ಕಾದಂಬರಿಗಳ ಮುಖಪುಟ ನೋಡಿ ಬಂದದ್ದಲ್ಲ. ಅವರು ನೈಸರ್ಗಿಕ ಇತಿಹಾಸದ ಮ್ಯೂಸಿಯಂಗೆ ಹೋಗಿ ಮೂಳೆಗಳನ್ನು ನೋಡಿದರು. ಅಲ್ಲೇ ಕೊಂಡ ಪುಸ್ತಕದ ಒಂದು ರೇಖಾಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು ಬರೆದರು. ನಾನೂ ನನ್ನ ಮೊದಲ ಪಟ್ಟಿಗೆ ಮರಳಿ ಅದರಲ್ಲಿದ್ದ ವಸ್ತುಗಳನ್ನೇ ನೋಡಿದೆ. ಟ್ಯೂಬ್‌ಲೈಟ್, ಹಾಸಿಗೆಯ ಪರದೆ, ಡ್ಯೂಟಿ ಚಾರ್ಟ್.

ಡ್ಯೂಟಿ ಚಾರ್ಟ್ ಅಂದರೆ ಹೆಸರುಗಳ ಸಾಲು, ತಾರೀಖುಗಳ ಕಂಬ, ನಡುವೆ ಸಣ್ಣ ಸಣ್ಣ ಚೌಕ. ಯಾರ ಪಾಳಿ ಯಾವಾಗ ಅಂತ ಆ ಚೌಕದಲ್ಲಿ ಬರೆಯುತ್ತಾರೆ. ರಾತ್ರಿ ಪಾಳಿಯ ಚೌಕಗಳನ್ನು ಮಾತ್ರ ತುಂಬಿ, ಉಳಿದವನ್ನು ಖಾಲಿ ಬಿಟ್ಟು ನೋಡಿದೆ. ಹತ್ತಿರದಿಂದ ಅದು ಕೋಷ್ಟಕ. ದೂರದಿಂದ ನೋಡಿದರೆ ರಾತ್ರಿ ಹೊತ್ತಿನ ಕಟ್ಟಡದ ಕಿಟಕಿಗಳು, ಕೆಲವು ಬೆಳಗಿವೆ, ಕೆಲವು ಇಲ್ಲ. ಬಿಳಿ ಮೇಲಿನ ಕಪ್ಪು ಚೂರಿನ ಟಿಪ್ಪಣಿ ಇಲ್ಲಿ ಕೆಲಸಕ್ಕೆ ಬಂತು. ನಿಜವಾದ ಚಾರ್ಟ್‌ನಲ್ಲಿ ನಿಜವಾದ ಜನರ ಹೆಸರಿರುತ್ತದೆ, ಹಾಗಾಗಿ ಅದರ ಫೋಟೋ ಬಳಸದೆ ನಾನೇ ಗೆರೆ ಹಾಕಿ ಬರೆದೆ.

ಆಮೇಲೆ ಮತ್ತೆ ಹುಡುಕಾಟ, ಈ ಸಲ ಹೋಲಿಕೆ ಇದೆಯೇ ಅಂತ ಪರೀಕ್ಷಿಸಲು. ಕರಡನ್ನು ಚಿತ್ರ ಹಿಡಿದು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದೆ. ಬೆಳಗಿದ ಕಿಟಕಿಗಳಿರುವ ಮುಖಪುಟಗಳು ಸಾಕಷ್ಟು ಬಂದವು, ಬಹುಪಾಲು ಕಟ್ಟಡದ ಚಿತ್ರ ಇರುವಂಥವು. ಹಾಗಾಗಿ ಕಟ್ಟಡದ ಅಂಚು, ಛಾವಣಿ ಏನೂ ಬೇಡ, ಚಾರ್ಟ್ ಚಾರ್ಟಾಗಿಯೇ ಇರಲಿ, ಕಿಟಕಿ ಓದುಗರಿಗೆ ತಾನಾಗಿ ಹೊಳೆದರೆ ಹೊಳೆಯಲಿ ಅಂತ ತೀರ್ಮಾನಿಸಿದೆ. ಕಾಪಿರೈಟ್ ಕಾಪಾಡುವುದು ಕಲ್ಪನೆಯನ್ನಲ್ಲ, ಅದನ್ನು ಕಟ್ಟಿದ ರೂಪವನ್ನು. ಚೌಕಗಳ ಮುಖಪುಟ ಯಾರು ಬೇಕಾದರೂ ಮಾಡಬಹುದು. ಆದರೆ ಇನ್ನೊಬ್ಬರ ಚೌಕಗಳ ಜೋಡಣೆ, ಬಣ್ಣ, ಅಕ್ಷರ ಎಲ್ಲವನ್ನೂ ಎತ್ತಿ ತಂದರೆ ಅದು ಬೇರೆ ಮಾತು. ಕಾನೂನು ಬಿಡಿ, ಈ ಕೆಲಸ ಮಾಡುವವರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ.

ಕರಡನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಮೊದಲು ನೋಡಿದ್ದ ಆಸ್ಪತ್ರೆ ಪುಸ್ತಕಗಳ ನಡುವೆ ಇಟ್ಟು ನೋಡಿದೆ. ಚೌಕಗಳು ಸಣ್ಣವಾಗಿ ಮಸಿ ಬಳಿದಂತೆ ಕಂಡವು. ಸಂಖ್ಯೆ ಕಡಿಮೆ ಮಾಡಿ ಗಾತ್ರ ದೊಡ್ಡದು ಮಾಡಿದ ಮೇಲೆ ಸರಿಹೋಯಿತು.

ಪ್ರಕಾಶಕರಿಗೆ ತೋರಿಸುವಾಗ ಕರಡಿನ ಜೊತೆ ಆ ಅಕ್ಕಪಕ್ಕದ ಪುಸ್ತಕಗಳ ಹಾಳೆಯನ್ನೂ ಒಯ್ದಿದ್ದೆ. ಅದಿಲ್ಲದಿದ್ದರೆ ಚರ್ಚೆ "ನಂಗಿಷ್ಟ, ನಂಗಿಷ್ಟ ಇಲ್ಲ" ಅನ್ನುವುದರಲ್ಲೇ ಸುತ್ತುತ್ತದೆ. ಅವರಿಗೆ ಚೌಕಗಳು ಹಿಡಿಸಿದವು, ಕಪ್ಪು ಹಿಡಿಸಲಿಲ್ಲ. "ಇದು ಆಫೀಸಿನ ಕಥೆ ಅನ್ನಿಸ್ತಿದೆ" ಅಂದರು. ಹಾಳೆಯಲ್ಲಿದ್ದ ನೀಲಿ-ಹಸಿರನ್ನು ತೋರಿಸಿದೆ. ತುಂಬಿದ ಚೌಕಗಳಿಗೆ ಅದರ ಕಡುಛಾಯೆ ಹಾಕಿದೆವು, ಹಿನ್ನೆಲೆಯ ಬಿಳಿಯನ್ನು ತುಸು ಮಾಸಿದಂತೆ ಮಾಡಿದೆವು. ಬೆನ್ನಿನ ಮೇಲೆ ಒಂದೇ ಸಾಲು ಚೌಕಗಳು, ಅವುಗಳ ಕೆಳಗೆ ಹೆಸರು. ಸುತ್ತ 3 ಮಿಲಿಮೀಟರ್ ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಭಾಗ) ಬಿಟ್ಟು ಫೈಲನ್ನು ಮುದ್ರಣಾಲಯಕ್ಕೆ ಕಳಿಸಿದೆ, ಮೊದಲ ಪ್ರೂಫ್ (ಪರೀಕ್ಷೆಯ ಅಚ್ಚು) ಅದೇ ಕಾಗದದ ಮೇಲೆ ತೆಗೆದು ತೋರಿಸಿ ಎನ್ನುವ ಮಾತಿನೊಂದಿಗೆ.